ನಿಮಗಿದು ಗೊತ್ತೇ? ವಿಮಾನಕ್ಕೆ ಕಿವಿಯಾಗಿದ್ದ ರೇಡಿಯೋ ಆಫೀಸರ್

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯವರಿಗೆ ಬಿಇಎಲ್ ಲೇಔಟ್ ದಿನಬಳಕೆಯ ಹೆಸರು. ಆ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದಾಗ ವಿಮಾನಗಳಲ್ಲಿ ರೇಡಿಯೋ ಆಫೀಸರ್ ಎಂಬ ಹುದ್ದೆ ಇನ್ನೂ ಇತ್ತು. ಪೈಲಟ್‌ಗಳ ಬೆನ್ನ ಹಿಂದೆ ಕೂತು, ಹೆಡ್‌ಫೋನ್ ಏರಿಸಿ, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದ ಕೀ ಒತ್ತುತ್ತ ನೆಲದವರೊಂದಿಗೆ ಮಾತಾಡುವುದು ಅವರ ಕೆಲಸ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಮುಂದೆ ನಮ್ಮ ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅಂಚೆ ಹೊತ್ತ ಆ ಪುಸ್ ಮಾತ್ ವಿಮಾನದಲ್ಲಿ ರೇಡಿಯೋ ಇರಲೇ ಇಲ್ಲ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಡಕೋಟಾ ವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುರಸ್ತಿಯಾಗಿ ಪ್ರಯಾಣಿಕರನ್ನು ಹೊತ್ತವು. ಅವುಗಳಲ್ಲಿ ರೇಡಿಯೋ ಆಫೀಸರ್‌ಗೂ ಒಂದು ಕುರ್ಚಿ ಇತ್ತು.

ಮೋಡದೊಳಗೆ ದಾರಿ ಕಾಣದಾಗ ಏನು ಮಾಡುತ್ತಿದ್ದರು? ರೇಡಿಯೋ ಆಫೀಸರ್ 'ಕ್ಯೂಡಿಎಂ' ಎಂದು ಮೋರ್ಸ್‌ನಲ್ಲಿ ಕಳಿಸುತ್ತಿದ್ದರು. ನಿಮ್ಮ ಕಡೆ ಬರಲು ಎತ್ತ ಹಾರಬೇಕು ಎಂಬ ಪ್ರಶ್ನೆ ಅದು. ಆಮೇಲೆ ಕೀಯನ್ನು ಒತ್ತಿ ಹಿಡಿಯುತ್ತಿದ್ದರು. ನೆಲದ ಆಪರೇಟರ್ ಆ ಉದ್ದ ಸದ್ದು ಬರುವ ದಿಕ್ಕನ್ನು ಆಂಟೆನಾದಿಂದ ಪತ್ತೆಹಚ್ಚಿ ಡಿಗ್ರಿಯಲ್ಲಿ ಉತ್ತರ ಕೊಡುತ್ತಿದ್ದರು. ಎರಡು ನಿಲ್ದಾಣಗಳಿಂದ ದಿಕ್ಕು ಸಿಕ್ಕರೆ ನಕ್ಷೆಯ ಮೇಲೆ ಎರಡು ಗೆರೆ ಎಳೆದರಾಯಿತು, ಅವು ಕೂಡುವಲ್ಲಿ ವಿಮಾನ. ಮಳೆಗಾಲದ ಸಿಡಿಲು ಎಬ್ಬಿಸುವ ಕರಕರದ ನಡುವೆ ಕ್ಷೀಣವಾದ ಸದ್ದನ್ನು ಹೆಕ್ಕಿ ತೆಗೆಯುವುದು ಸಾಮಾನ್ಯ ವಿದ್ಯೆಯಲ್ಲ. ಆ ಕಿವಿಗಳಿಗೆ ನಮ್ಮ ವಿಮಾನಯಾನದ ಚರಿತ್ರೆ ಇನ್ನೂ ಹೆಚ್ಚಿನ ಗೌರವ ಕೊಡಬೇಕಿತ್ತು.

ಆಂಟೆನಾ ಎಂದರೆ ಕೆಲವು ವಿಮಾನಗಳಲ್ಲಿ ನೂರಡಿಗೂ ಉದ್ದದ ತಂತಿ, ತುದಿಗೆ ಒಂದು ಭಾರ. ಮೇಲೇರಿದ ಮೇಲೆ ರಾಟೆಯಿಂದ ಇಳಿಬಿಡಬೇಕು, ಇಳಿಯುವ ಮುನ್ನ ಮರೆಯದೆ ಸುತ್ತಿಕೊಳ್ಳಬೇಕು.

ರೇಡಿಯೋ ಬಲ್ಲವರು ಜೊತೆಗಿಲ್ಲದಿದ್ದರೆ? 1937ರಲ್ಲಿ ಭೂಪ್ರದಕ್ಷಿಣೆಗೆ ಹೊರಟು ಕರಾಚಿ, ಕಲ್ಕತ್ತಾ ದಾಟಿ ಹೋದ ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್ ಜೊತೆ ನುರಿತ ರೇಡಿಯೋ ಆಪರೇಟರ್ ಇರಲಿಲ್ಲ. ಮೋರ್ಸ್ ಬಲ್ಲ ಹ್ಯಾರಿ ಮ್ಯಾನಿಂಗ್ ಹೊನೊಲುಲುವಿನಲ್ಲಿ ಆಕೆಯ ವಿಮಾನ ಅಪಘಾತಕ್ಕೀಡಾದ ನಂತರ ತಂಡ ಬಿಟ್ಟಿದ್ದರು. ಜುಲೈ 2ರಂದು ಹೌಲ್ಯಾಂಡ್ ದ್ವೀಪದ ಬಳಿ ಕಾದಿದ್ದ ಇಟಾಸ್ಕಾ ಹಡಗಿಗೆ ಆಕೆಯ ದನಿ ಕೇಳಿಸಿತು, ದಿಕ್ಕು ಸಿಗಲಿಲ್ಲ. ಆ ವಿಮಾನ ಮತ್ತೆ ಕಾಣಲಿಲ್ಲ.

ಆಪತ್ತಿನಲ್ಲೂ ರೇಡಿಯೋವೇ ದನಿ. 1955ರ ಏಪ್ರಿಲ್ 11ರಂದು ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ವಿಮಾನದಲ್ಲಿ ಬಾಂಬ್ ಸಿಡಿಯಿತು. ರೇಡಿಯೋ ಸ್ತಬ್ಧವಾಗುವ ಮುನ್ನ, ನಟುನಾ ದ್ವೀಪಗಳ ಮೇಲಿದ್ದೇವೆ ಎಂದು ತಿಳಿಸುವ ಮೂರು ಆಪತ್ ಸಂದೇಶಗಳು ಹೊರಟವು. 19 ಮಂದಿಯಲ್ಲಿ ಬದುಕಿದವರು ಮೂವರು.

ಸ್ಪಷ್ಟ ದನಿಯ ವಿಎಚ್‌ಎಫ್ ರೇಡಿಯೋ ಬಂದಮೇಲೆ ಪೈಲಟ್‌ಗಳೇ ಮಾತಾಡತೊಡಗಿದರು. ಹುದ್ದೆ ಹೋಯಿತು.

ಭಾಷೆ ಮಾತ್ರ ಹೋಗಲಿಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವ ಪೈಲಟ್ ಇಂದಿಗೂ ಗಾಳಿಯ ಒತ್ತಡವನ್ನು 'ಕ್ಯೂಎನ್‌ಎಚ್' ಎಂದೇ ಕೇಳಿಸಿಕೊಳ್ಳುತ್ತಾರೆ. ಅದೂ ಕ್ಯೂಡಿಎಂನಂತೆ ತಂತಿಯವರ ಕ್ಯೂ ಸಂಕೇತಗಳ ಕುಟುಂಬದ್ದು.

ಆ ಕಾಲದ ಎರಡನೇ ದರ್ಜೆಯ ರೇಡಿಯೋ ಟೆಲಿಗ್ರಾಫ್ ಪ್ರಮಾಣಪತ್ರಕ್ಕೆ ನಿಮಿಷಕ್ಕೆ 20 ಪದ ಮೋರ್ಸ್ ಬೇಕಿತ್ತು. ಕಲಿಯುವ ಆಸೆಯೇ? ಭಾರತದಲ್ಲಿ ಜನರಲ್ ದರ್ಜೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆಗೆ 8 ಪದ ಸಾಕು.