ಪಂಚಹೌದ್‌ನ ಎಂಟು ಗಂಟೆಗಳು

ಪುಣೆಯ ಗುರುವಾರ ಪೇಟೆಯಲ್ಲಿ ಪವಿತ್ರ ನಾಮ ದೇವಾಲಯ ಎಂಬ ಪ್ರಾಟೆಸ್ಟಂಟ್ ಚರ್ಚ್ ಇದೆ. ಊರಿನವರ ಬಾಯಲ್ಲಿ ಅದು ಪಂಚಹೌದ್ ಚರ್ಚ್. ಒಂದು ಕಾಲಕ್ಕೆ ಅಲ್ಲಿದ್ದ ಐದು ನೀರಿನ ತೊಟ್ಟಿಗಳಿಂದ ಆ ಜಾಗಕ್ಕೆ ಹೆಸರು ಬಂದಿತು. ಉತ್ತರ ಕರ್ನಾಟಕದಲ್ಲಿಯೂ ನೀರು ತುಂಬಿಡುವ ತೊಟ್ಟಿಗೆ ಹೌದ ಎಂದೇ ಹೇಳುತ್ತಾರೆ. ಚರ್ಚ್ ಕಟ್ಟಿದ್ದು 1885ರಲ್ಲಿ. ಅದಕ್ಕೆ ತಾಗದಂತೆ ಬೇರೆಯಾಗಿ ನಿಂತಿರುವ ಗಂಟೆಗೋಪುರದ ಎತ್ತರ ಸುಮಾರು 130 ಅಡಿ. ಅದರೊಳಗಿನ ಎಂಟು ಗಂಟೆಗಳು ಇಂಗ್ಲೆಂಡಿನ ಲಫ್‌ಬರೋ ಊರಿನ ಜಾನ್ ಟೇಲರ್ ಎರಕಶಾಲೆಯಿಂದ ಬಂದವು.

ಈ ಚರ್ಚಿನ ವಿಶೇಷವಿರುವುದು ಅದು ನಿಂತ ಜಾಗದಲ್ಲಿ. ಪುಣೆಯ ಹಳೆಯ ಇಂಗ್ಲಿಷ್ ಚರ್ಚುಗಳು ಹೆಚ್ಚಾಗಿ ದಂಡಿನ ಪ್ರದೇಶದಲ್ಲಿ ಕಟ್ಟಿದವು. 1825ರಲ್ಲಿ ಬಿಷಪ್ ಹೀಬರ್ ಪ್ರತಿಷ್ಠೆ ಮಾಡಿದ ಸೇಂಟ್ ಮೇರೀಸ್ ಇರುವುದು ಕ್ಯಾಂಪಿನಲ್ಲಿ. ಅಲ್ಲಿ ಪ್ರಾರ್ಥಿಸುತ್ತಿದ್ದವರು ಬಿಳಿಯ ಸೈನಿಕರು ಮತ್ತು ಅಧಿಕಾರಿಗಳು. ಪಂಚಹೌದ್ ಹಾಗಲ್ಲ. ಅದು ವಾಡೆಗಳು, ಅಂಗಡಿಗಳು, ಗುಡಿಗಳು ಒತ್ತೊತ್ತಾಗಿದ್ದ ಪೇಟೆಯ ಒಳಗೇ ಬಂದು ನೆಲೆಯೂರಿತು. ಗುರುವಾರ ಪೇಟೆಗೆ ಹಿಂದೆ ವೇತಾಳ ಪೇಟೆ ಎಂದು ಹೆಸರಿತ್ತು. ಅಲ್ಲಿ ಮೊಳಗುವ ಗಂಟೆ ದಂಡಿನವರಿಗಿಂತ ಮೊದಲು ಪೇಟೆಯ ಮರಾಠಿ ಜನರ ಕಿವಿಗೆ ಬೀಳಬೇಕಿತ್ತು.

ಈ ಚರ್ಚಿನ ಮಿಷನ್ ನಡೆಸಿದವರು ಇಂಗ್ಲೆಂಡಿನ ಎರಡು ಆಂಗ್ಲಿಕನ್ ಸಂಘಗಳ ಸನ್ಯಾಸಿಗಳು. ರಿಚರ್ಡ್ ಮ್ಯೂ ಬೆನ್ಸನ್ 1866ರಲ್ಲಿ ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ಹುಟ್ಟುಹಾಕಿದ ಸಂಘದ ಪಾದ್ರಿಗಳು ಒಂದು ಕಡೆ, 1848ರಲ್ಲಿ ವಾಂಟೇಜ್ ಊರಿನಲ್ಲಿ ಆರಂಭವಾದ ಸಂಘದ ಸಿಸ್ಟರುಗಳು ಇನ್ನೊಂದು ಕಡೆ. ಪ್ರಾಟೆಸ್ಟಂಟ್ ಎಂದೊಡನೆ ಅಲಂಕಾರವಿಲ್ಲದ ಗೋಡೆ, ಉದ್ದನೆಯ ಉಪದೇಶ ನೆನಪಾಗುವುದು ಸಹಜ. ಆದರೆ ಈ ಸಂಘಗಳು ಆಂಗ್ಲಿಕನ್ ಸಭೆಯಲ್ಲಿ ವ್ರತ, ವಿಧಿ, ಸಂಗೀತಗಳಿಗೆ ಹೆಚ್ಚು ಬೆಲೆ ಕೊಡುವ ಪಂಗಡಕ್ಕೆ ಸೇರಿದವು. ಒಂದು ಗಂಟೆಯಿಂದ ತೃಪ್ತರಾಗದೆ ಎಂಟನ್ನು ಸಮುದ್ರ ದಾಟಿಸಿ ತಂದದ್ದು ಆ ಮನೋಧರ್ಮಕ್ಕೆ ಒಪ್ಪುವ ಮಾತೇ.

ಕನ್ನಡಿಗರಿಗೆ ಹತ್ತಿರದ ಒಂದು ಬದುಕು ಈ ಮಿಷನ್‌ನೊಂದಿಗೆ ಹೆಣೆದುಕೊಂಡಿದೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರಿಗೆ, ಪತಿಯ ಮರಣಾನಂತರ ಪುಣೆಗೆ ಬಂದಾಗ ವಾಂಟೇಜ್ ಸಿಸ್ಟರುಗಳ ಪರಿಚಯವಾಯಿತು. ಕಾಶಿಯಲ್ಲಿ ಶಾಸ್ತ್ರ ಓದಿ, ಕ್ರೈಸ್ತರಾಗಿ, ಕೌಲಿ ಪಾದ್ರಿಗಳೊಡನೆ ಬೆರೆತಿದ್ದ ನೆಹೆಮಿಯಾ ಗೋರೆಯವರ ಬರಹಗಳೂ ಅವರ ಮನಸ್ಸನ್ನು ಕಲಕಿದವು. ಸಿಸ್ಟರುಗಳ ನೆರವಿನಿಂದಲೇ ಅವರು ಇಂಗ್ಲೆಂಡಿಗೆ ಹೋದರು. 1883ರ ಸೆಪ್ಟೆಂಬರ್‌ನಲ್ಲಿ ಮಗಳು ಮನೋರಮೆಯೊಂದಿಗೆ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೆ ಪುಣೆ ಜಿಲ್ಲೆಯ ಕೇಡಗಾಂವ್ ಹಳ್ಳಿಯಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮ ಕ್ಷಾಮದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳಿಗೆ ಆಸರೆಯಾಯಿತು.

1890ರಲ್ಲಿ ಪಂಚಹೌದ್ ಇಡೀ ಪುಣೆಯ ಬಾಯಿಗೆ ಬಿತ್ತು. ಮೊದಲ ಭಾರತೀಯ ವೈದ್ಯೆಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿಯವರ ಪತಿ ಗೋಪಾಲರಾವ್, ನಗರದ ಗಣ್ಯರನ್ನು ಮಿಷನ್‌ನಲ್ಲಿ ಒಂದು ಉಪನ್ಯಾಸಕ್ಕೆ ಕರೆಸಿದರು. ಬಂದವರಲ್ಲಿ ತಿಲಕ್, ರಾನಡೆ, ಗೋಖಲೆ ಇದ್ದರು. ಉಪನ್ಯಾಸ ಮುಗಿದ ಮೇಲೆ ಚಹಾ, ಬಿಸ್ಕತ್ತು ಬಂದವು. ಕೆಲವರು ಕುಡಿದರು, ಕೆಲವರು ಕಪ್ಪನ್ನು ಹಾಗೆಯೇ ಬದಿಗಿಟ್ಟರು. ‘ಪುಣೆ ವೈಭವ’ ಪತ್ರಿಕೆ ಹೋದವರ ಹೆಸರುಗಳನ್ನೆಲ್ಲ ಅಚ್ಚು ಹಾಕಿತು. ಕ್ರೈಸ್ತರ ಮನೆಯ ಚಹಾ ಮುಟ್ಟಿದವರ ಜಾತಿ ಉಳಿಯಿತೇ ಎಂಬ ಪ್ರಶ್ನೆ ಶಂಕರಾಚಾರ್ಯರ ಪೀಠದವರೆಗೆ ಹೋಗಿ, ವಿಚಾರಣೆಗಳು ನಡೆದು, ಬಹಿಷ್ಕಾರದ ಮಾತೂ ಬಂತು. ತಾನು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿರುವುದಾಗಿ ತಿಲಕರು ಹೇಳಿದರು. ರಾನಡೆಯವರೂ 1892ರಲ್ಲಿ ಪ್ರಾಯಶ್ಚಿತ್ತಕ್ಕೆ ಒಪ್ಪಿದರು. ಅದರಿಂದ ಸುಧಾರಕ ಗೆಳೆಯರಿಗೆ ಆದ ನೋವು ಸಣ್ಣದಲ್ಲ.

ಇನ್ನು ಗೋಪುರ. ಚರ್ಚಿನಿಂದ ಬಿಡಿಸಿ ಗಂಟೆಗೋಪುರ ಕಟ್ಟುವುದು ಇಟಲಿಯ ಹಳೆಯ ಪದ್ಧತಿ, ಪಂಚಹೌದ್ ಗೋಪುರ ಅದೇ ಮಾದರಿಯದು. ಭಾರವಾದ ಕಂಚು ತೂಗಾಡುವಾಗ ಗೋಡೆಯನ್ನು ಅಕ್ಕಪಕ್ಕಕ್ಕೆ ತಳ್ಳುತ್ತದೆ; ಗೋಪುರ ಬೇರೆಯಾಗಿದ್ದರೆ ಆ ಅಲುಗಾಟ ಪ್ರಾರ್ಥನಾಮಂದಿರಕ್ಕೆ ತಟ್ಟುವುದಿಲ್ಲ.

ಗಂಟೆಯ ಕಂಚಿನಲ್ಲಿ ನೂರಕ್ಕೆ ಸುಮಾರು 77 ಪಾಲು ತಾಮ್ರ, ಉಳಿದದ್ದು ತವರ. ತವರ ಕಡಿಮೆಯಾದರೆ ನಾದ ಮಂಕಾಗುತ್ತದೆ, ಹೆಚ್ಚಾದರೆ ಗಂಟೆ ಪೆಡಸಾಗಿ ಸೀಳುತ್ತದೆ. ಒಳಗೊಂದು, ಹೊರಗೊಂದು ಅಚ್ಚನ್ನಿಟ್ಟು ನಡುವಿನ ಸಂದಿಗೆ ಕರಗಿದ ಲೋಹ ಸುರಿಯುತ್ತಾರೆ. ತಣಿದ ಗಂಟೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಳಮೈಯನ್ನು ಲೇತಿನಲ್ಲಿ ಎಳೆಎಳೆಯಾಗಿ ಹೆರೆದು ಶ್ರುತಿ ಮಾಡುವುದು ಇಂಗ್ಲಿಷ್ ಪದ್ಧತಿ. ಹೆರೆದಷ್ಟೂ ಸ್ವರ ಇಳಿಯುತ್ತದೆ. ಒಮ್ಮೆ ಹೆಚ್ಚು ಹೆರೆದರೆ ಮರಳಿ ಏರಿಸುವ ದಾರಿ ಇಲ್ಲವೆಂದೇ ಹೇಳಬೇಕು.

ಒಂದೇ ಗಂಟೆಯ ಒಂದೇ ಪೆಟ್ಟಿನಲ್ಲಿ ಹಲವು ಸ್ವರಗಳು ಅಡಗಿರುತ್ತವೆ. ಸಂಗೀತದ ಕಿವಿಯುಳ್ಳವರಿಗೆ ಅದನ್ನು ಹೀಗೆ ಹೇಳಬಹುದು: ತಳದಲ್ಲಿ ಮಂದ್ರ ಷಡ್ಜ, ಅದರ ಮೇಲೆ ಮಧ್ಯ ಷಡ್ಜ, ಕೋಮಲ ಗಾಂಧಾರ, ಪಂಚಮ, ತುದಿಯಲ್ಲಿ ತಾರ ಷಡ್ಜ. ಚರ್ಚ್ ಗಂಟೆಯ ನಾದದಲ್ಲಿ ಕೇಳುವ ಸಣ್ಣ ವಿಷಾದ ಆ ಕೋಮಲ ಗಾಂಧಾರದ್ದು. ಈ ಐದನ್ನೂ ಒಂದಕ್ಕೊಂದು ಕೂಡಿಸಿ ಶ್ರುತಿ ಮಾಡುವ ವಿಧಾನವನ್ನು ಇಂಗ್ಲೆಂಡಿನಲ್ಲಿ 1896ರಲ್ಲಿ ಮತ್ತೆ ರೂಢಿಗೆ ತಂದದ್ದು ಟೇಲರ್ ಎರಕಶಾಲೆಯೇ. ಆದರೆ ಎಂಟು ಗಂಟೆಗಳ ಸಾಲು ಕೂಡಿದಾಗ ಆಗುವುದು ಶುದ್ಧ ಸ್ವರಗಳ ಸಪ್ತಕ, ಅಂದರೆ ಬಿಲಾವಲ್ ಥಾಟ್, ನಮ್ಮ ಶಂಕರಾಭರಣ. ಸಾಲಿನಲ್ಲಿ ಶುದ್ಧ ಗಾಂಧಾರ, ಪ್ರತಿಯೊಂದರ ಒಡಲಲ್ಲಿ ಕೋಮಲ ಗಾಂಧಾರ. ಈ ಎರಡರ ತಿಕ್ಕಾಟದಲ್ಲೇ ಗಂಟೆಸಾಲಿನ ಸೊಗಸಿದೆ.

ದೇವಸ್ಥಾನದ ಗಂಟೆ ನಿಂತಲ್ಲೇ ಇರುತ್ತದೆ, ಅಲುಗುವುದು ಅದರ ನಾಲಗೆ. ಇಂಗ್ಲಿಷ್ ಪದ್ಧತಿಯಲ್ಲಿ ಗಂಟೆಯನ್ನೇ ಗಾಲಿಗೆ ಕಟ್ಟಿ, ಹಗ್ಗ ಎಳೆದು ಪೂರ್ತಿ ಸುತ್ತು ತಿರುಗಿಸುತ್ತಾರೆ. ಆ ವೇಗಕ್ಕೆ ಹಾಡಿನ ಧಾಟಿ ನುಡಿಸಲಾಗದು. ಅದಕ್ಕೇ ಅಲ್ಲಿನವರು ಕ್ರಮ ಬದಲಿಸುವ ಕಲೆಯನ್ನು ಕಂಡುಕೊಂಡರು: ಮೊದಲು ತಾರದಿಂದ ಇಳಿಯುತ್ತ ಎಂಟನ್ನೂ ಬಾರಿಸುವುದು, ಬಳಿಕ ಪ್ರತಿ ಸಾಲಿನಲ್ಲೂ ಅಕ್ಕಪಕ್ಕದ ಗಂಟೆಗಳ ಸ್ಥಾನ ಅದಲುಬದಲು ಮಾಡುವುದು, ಒಮ್ಮೆ ಬಂದ ಸಾಲು ಮತ್ತೆ ಬಾರದಂತೆ ನೋಡಿಕೊಳ್ಳುವುದು. ಎಂಟು ಗಂಟೆಗೆ ಅಂಥ ಸಾಲುಗಳು 40,320. 1963ರ ಜುಲೈಯಲ್ಲಿ ಟೇಲರ್ ಎರಕಶಾಲೆಯ ಗೋಪುರದಲ್ಲೇ ಎಂಟು ಜನ ಅಷ್ಟನ್ನೂ ಬಾರಿಸಿ ಮುಗಿಸಿದರು. ಕನ್ನಡದಲ್ಲಿ ಕಾಲಕ್ಕೂ ಕಂಚಿಗೂ ಗಂಟೆಯೆಂಬ ಒಂದೇ ಹೆಸರಿರುವುದರಿಂದ ತಾಸಿನಲ್ಲಿ ಹೇಳುವುದೇ ಮೇಲು: ಅದಕ್ಕೆ ಹಿಡಿದದ್ದು ಸುಮಾರು 18 ತಾಸು.

1970ರ ನವೆಂಬರ್ 29ರಂದು ನಾಗಪುರದಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ ಉತ್ತರ ಭಾರತ ಸಭೆ ಹುಟ್ಟಿತು. ಪಂಚಹೌದ್ ಈಗ ಆ ಸಭೆಗೆ ಸೇರಿದ್ದು, ಪುಣೆ ಧರ್ಮಪ್ರಾಂತದ ಕೆಥೆಡ್ರಲ್ ಆಗಿದೆ.

ಪುಣೆಯ ಸೀಮೆಗೆ ಚರ್ಚ್ ಗಂಟೆ ಬಂದದ್ದು ಮಾತ್ರ ಇದಕ್ಕಿಂತ ಬಹಳ ಹಿಂದೆ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ಅಲ್ಲಿನ ಚರ್ಚುಗಳ ಗಂಟೆಗಳು ಮರಾಠರ ಕೈಸೇರಿ ಗುಡಿಗಳಿಗೆ ಕಾಣಿಕೆಯಾದವು. ಒಂದು ವಾಯಿ ಬಳಿಯ ಮೇಣವಲಿಯಲ್ಲಿ, ಕೃಷ್ಣಾ ದಡದ ಶಿವಾಲಯದ ಎದುರಿಗಿದೆ. ಇನ್ನೊಂದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿದೆ. ಜ್ಯೋತಿರ್ಲಿಂಗದ ಆವರಣದಲ್ಲಿ ತೂಗುವ ಆ ಕಂಚಿನ ಮೈಮೇಲೆ ಮಗು ಯೇಸುವನ್ನು ಎತ್ತಿಕೊಂಡ ಮರಿಯಳ ಉಬ್ಬುಚಿತ್ರವಿದೆ.