ಮನೆಕೂಟದ ಮಾರಾಟ: ಅತಿಥಿಗಳು ಕಡಿಮೆಯಾದಾಗ

ಅಂಗಡಿ ತೆರೆದು ಗ್ರಾಹಕರಿಗಾಗಿ ಕಾಯುವ ಬದಲು, ಪರಿಚಿತ ಗೃಹಿಣಿಯೊಬ್ಬರ ಮನೆಯಲ್ಲಿ ಅವರ ಬಂಧುಮಿತ್ರರನ್ನು ಸೇರಿಸಿ ಸರಕನ್ನು ತೋರಿಸಿ ಮಾರುವ ಪದ್ಧತಿ ರಾಜ್ಯದ ನಗರ ಪಟ್ಟಣಗಳಲ್ಲಿ ರೂಢಿಯಲ್ಲಿದೆ. ಸೀರೆ, ಅಲಂಕಾರಿಕ ಆಭರಣ, ಅಡುಗೆಮನೆಯ ಸಲಕರಣೆ, ಮಸಾಲೆ ಪುಡಿ, ಸೌಂದರ್ಯ ಸಾಧನ ಮುಂತಾದವುಗಳ ಕಿರು ತಯಾರಕರಿಗೆ ಇದು ಅಲ್ಪ ಬಂಡವಾಳದ ಮಾರುಕಟ್ಟೆ. ಮಳಿಗೆಯ ಬಾಡಿಗೆಯಿಲ್ಲ, ಮುಂಗಡ ಠೇವಣಿಯಿಲ್ಲ, ಜಾಹೀರಾತಿನ ವೆಚ್ಚವಿಲ್ಲ. ಆದರೆ ಈ ಪದ್ಧತಿಯ ಬೆನ್ನಿಗೇ ಅಂಟಿಕೊಂಡಿರುವ ಅಪಾಯವೊಂದಿದೆ. ಇಪ್ಪತ್ತು ಮಂದಿಯನ್ನು ಆಹ್ವಾನಿಸಿದ ಕೂಟಕ್ಕೆ ನಾಲ್ವರು ಬರುವ ದಿನ ಯಾವ ವರ್ತಕರಿಗೂ ತಪ್ಪಿದ್ದಲ್ಲ.

ಅಂತಹ ದಿನ ಮಾರಾಟಗಾರರಿಗೆ ನಷ್ಟದ ಚಿಂತೆ. ಮನೆಯೊಡತಿಗೆ ಮುಖಭಂಗದ ಸಂಕಟ. ಬಂದ ನಾಲ್ವರಿಗೆ ಕೊಳ್ಳದೆ ಎದ್ದು ಹೋಗುವುದು ಹೇಗೆಂಬ ಮುಜುಗರ. ಈ ಮೂರನ್ನೂ ಸರಿಯಾಗಿ ನಿಭಾಯಿಸದಿದ್ದರೆ ಕಳೆದುಹೋಗುವುದು ಒಂದು ದಿನದ ವ್ಯಾಪಾರವಷ್ಟೇ ಅಲ್ಲ, ಆ ಮನೆಯ ಬಾಗಿಲೇ ಮುಚ್ಚುತ್ತದೆ. ಬಾರದವರ ಭಾರವನ್ನು ಬಂದವರ ಮೇಲೆ ಹೊರಿಸಬಾರದು ಎಂಬುದು ಈ ವ್ಯಾಪಾರದ ಮೊದಲ ಸೂತ್ರ.

ಪದ್ಧತಿಯ ಬಲವಿರುವುದೆಲ್ಲಿ?

ಮನೆಕೂಟವು ವ್ಯವಸ್ಥಿತ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಅರ್ಲ್ ಟಪ್ಪರ್ ಎಂಬವರು ತಯಾರಿಸಿದ ಟಪ್ಪರ್‌ವೇರ್ ಪ್ಲಾಸ್ಟಿಕ್ ಡಬ್ಬಿಗಳು 1946ರಲ್ಲಿ ಮಾರುಕಟ್ಟೆಗೆ ಬಂದವು. ವಸ್ತು ಉತ್ತಮವಾಗಿದ್ದರೂ ಅಂಗಡಿಗಳಲ್ಲಿ ಅದು ನಿರೀಕ್ಷೆಯಂತೆ ಮಾರಾಟವಾಗಲಿಲ್ಲ. ಗಾಳಿಯಾಡದಂತೆ ಮುಚ್ಚಳವನ್ನು ಒತ್ತಿ ಮುಚ್ಚುವ ಕ್ರಮ ಗ್ರಾಹಕರಿಗೆ ತಿಳಿದಿರಲಿಲ್ಲ. ಅದನ್ನು ಯಾರಾದರೂ ಎದುರಿಗೆ ಮಾಡಿ ತೋರಿಸಬೇಕಿತ್ತು. ಬ್ರೌನಿ ವೈಸ್ ಎಂಬ ಮಹಿಳೆ ಮನೆಗಳಲ್ಲಿ ಕೂಟಗಳನ್ನೇರ್ಪಡಿಸಿ ಅದನ್ನು ಮಾಡಿ ತೋರಿಸಿದರು. 1951ರಲ್ಲಿ ಸಂಸ್ಥೆಯು ತನ್ನ ಸರಕನ್ನು ಅಂಗಡಿಗಳಿಂದ ಹಿಂತೆಗೆದು, ಮನೆಕೂಟವನ್ನೇ ಏಕೈಕ ಮಾರಾಟ ಮಾರ್ಗವಾಗಿಸಿತು. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ವೈಸ್ ಅವರ ಚಿತ್ರ ಪ್ರಕಟವಾಯಿತು; ಆ ಗೌರವ ಪಡೆದ ಮೊದಲ ಮಹಿಳೆ ಅವರು. ಈ ಸಂಸ್ಥೆ 1996ರಲ್ಲಿ ಭಾರತಕ್ಕೂ ಬಂದಿತು. ಮಾರಾಟದ ಕುಸಿತ ಹಾಗೂ ಸಾಲದ ಹೊರೆಯಿಂದಾಗಿ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು.

ಈ ಇತಿಹಾಸದಿಂದ ತಿಳಿಯುವುದೇನೆಂದರೆ, ಮನೆಕೂಟದ ಬಲ ಜನಸಂದಣಿಯಲ್ಲಿಲ್ಲ. ಅದು ಪ್ರಾತ್ಯಕ್ಷಿಕೆಯಲ್ಲಿದೆ, ಪರಿಚಯದಿಂದ ಹುಟ್ಟುವ ವಿಶ್ವಾಸದಲ್ಲಿದೆ. ಈ ಎರಡಕ್ಕೂ ನಾಲ್ವರು ಸಾಕು.

ಇಳಕಲ್ ಸೀರೆಯ ಉದಾಹರಣೆಯನ್ನೇ ನೋಡಬಹುದು. ಅದರ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುವುದೇ ಅದರ ವೈಶಿಷ್ಟ್ಯ. ಮೂವತ್ತು ಮಂದಿಯ ಗದ್ದಲದಲ್ಲಿ ಈ ಕೊಂಡಿಯ ಸಾಲನ್ನು ಯಾರಿಗೂ ತೋರಿಸಲಾಗದು. ನಾಲ್ವರಿದ್ದರೆ ಸೀರೆಯನ್ನು ಅವರ ಮಡಿಲಿಗೇ ಹರಡಿ, ಬೆರಳಿನಿಂದ ಮುಟ್ಟಿಸಿ, ಗೋಮಿ ದಡಿಗೂ ಚಿಕ್ಕಿ ದಡಿಗೂ ಇರುವ ವ್ಯತ್ಯಾಸವನ್ನು ವಿವರಿಸಬಹುದು. ಕೈಮಗ್ಗದ ಸೀರೆಗೆ ಹೆಚ್ಚು ಬೆಲೆ ಏಕೆಂಬ ಪ್ರಶ್ನೆಗೆ ಇದಕ್ಕಿಂತ ಉತ್ತಮ ಉತ್ತರವಿಲ್ಲ.

ಕಾರಣಗಳನ್ನು ಮೊದಲೇ ಅರಿಯುವುದು

ಅತಿಥಿಗಳ ಕೊರತೆಗೆ ಸರಕು ಕಾರಣವಾಗುವುದಕ್ಕಿಂತ ದಿನದ ಆಯ್ಕೆಯೇ ಕಾರಣವಾಗುವುದು ಹೆಚ್ಚು. ಸಂಬಳದ ಹಣ ಕರಗಿದ ತಿಂಗಳ ಕೊನೆಯ ವಾರ, ಮಕ್ಕಳ ಪರೀಕ್ಷೆಯ ಮಾರ್ಚ್ ತಿಂಗಳು, ಮದುವೆಗಳು ಒತ್ತಾಗಿರುವ ವೈಶಾಖದ ಭಾನುವಾರಗಳು ಮನೆಕೂಟಕ್ಕೆ ಅನುಕೂಲವಲ್ಲ. ಪಿತೃಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳದ ಮನೆಗಳು ಅನೇಕ. ಆಷಾಢದಲ್ಲಿ ದೊಡ್ಡ ಮಳಿಗೆಗಳ ರಿಯಾಯಿತಿ ಮಾರಾಟದ ಪೈಪೋಟಿಯಿರುತ್ತದೆ. ವರಮಹಾಲಕ್ಷ್ಮಿ ವ್ರತಕ್ಕೆ ಎರಡು ವಾರ ಮುಂಚೆ ಕೂಟವಿಟ್ಟರೆ ಸೀರೆಗೆ ಬೇಡಿಕೆಯಿರುತ್ತದೆ. ವ್ರತದ ಹಿಂದಿನ ದಿನವಿಟ್ಟರೆ ಗೃಹಿಣಿಯರಿಗೆ ಪುರುಸೊತ್ತಿರುವುದಿಲ್ಲ.

ಎರಡನೆಯ ಕಾರಣ ಆಹ್ವಾನದ ರೀತಿ. ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಒಂದು ಸಂದೇಶವನ್ನು ಎಲ್ಲರೂ ಓದುತ್ತಾರೆ, ಆದರೆ ಅದು ತಮಗಾಗಿಯೇ ಬಂದ ಕರೆಯೆಂದು ಯಾರೂ ಭಾವಿಸುವುದಿಲ್ಲ. ಹತ್ತು ದಿನ ಮುಂಚೆ ಮನೆಯೊಡತಿಯೇ ಹೆಸರು ಹಿಡಿದು ಕರೆಯುವುದು, ಹಿಂದಿನ ದಿನ ದೂರವಾಣಿಯಲ್ಲಿ ನೆನಪಿಸುವುದು, ಎರಡೂ ಅಗತ್ಯ. ಅತಿಥಿಗಳ ಪಟ್ಟಿಯೂ ಒಂದೇ ವಲಯದಿಂದ ಬಂದಿರಬಾರದು. ನೆರೆಹೊರೆ, ಕಚೇರಿಯ ಸಹೋದ್ಯೋಗಿಗಳು, ಭಜನಾ ಮಂಡಳಿ, ಮಕ್ಕಳ ಶಾಲೆಯ ಪರಿಚಿತರು ಎಂದು ಮೂರು ನಾಲ್ಕು ವಲಯಗಳಿದ್ದರೆ, ಒಂದು ವಲಯಕ್ಕೆ ಬೇರೆ ಸಮಾರಂಭ ಒದಗಿದರೂ ಕೂಟ ಪೂರ್ತಿ ಬರಿದಾಗುವುದಿಲ್ಲ.

ಮೂರನೆಯದು ಅತಿಯಾದ ಆವರ್ತನೆ. ಒಂದೇ ಗೆಳತಿಯರ ಬಳಗದಲ್ಲಿ ಪ್ರತಿ ತಿಂಗಳೂ ಕೂಟ ನಡೆಸಿದರೆ, ಆಹ್ವಾನವು ಕ್ರಮೇಣ ವಸೂಲಿಯ ಕರೆಯಂತೆ ಕೇಳಿಸತೊಡಗುತ್ತದೆ.

ಲೆಕ್ಕದ ದೃಷ್ಟಿಯಿಂದ

ಒಂದು ಕಲ್ಪಿತ ಲೆಕ್ಕದಿಂದ ವಿಷಯ ಸ್ಪಷ್ಟವಾಗುತ್ತದೆ. ಒಂದು ಕೂಟಕ್ಕೆ ಸಾಗಣೆ 600 ರೂ., ಉಪಾಹಾರ 500 ರೂ., ಸಹಾಯಕರ ಕೂಲಿ 700 ರೂ., ಮನೆಯೊಡತಿಗೆ ಉಡುಗೊರೆ 700 ರೂ., ಒಟ್ಟು 2,500 ರೂ. ವೆಚ್ಚವಾಗುತ್ತದೆಂದು ಭಾವಿಸೋಣ. ಸರಕಿನ ಮೇಲಿನ ಲಾಭಾಂಶ ಮಾರಾಟ ಬೆಲೆಯ ಶೇ. 25. ಹಾಗಿದ್ದಲ್ಲಿ ವೆಚ್ಚ ಸರಿದೂಗಲು 10,000 ರೂ. ಮಾರಾಟವಾಗಬೇಕು. ಸೀರೆಯೊಂದಕ್ಕೆ 2,000 ರೂ. ಎಂದರೆ ಐದು ಸೀರೆ. ಬಂದವರಲ್ಲಿ ಅರ್ಧದಷ್ಟು ಮಂದಿ ಕೊಳ್ಳುವರೆಂದಾದರೆ ಹತ್ತು ಅತಿಥಿಗಳು ಬೇಕು. ನಾಲ್ವರು ಬಂದು ಇಬ್ಬರು ಕೊಂಡರೆ ಮಾರಾಟ 4,000 ರೂ., ಲಾಭಾಂಶ 1,000 ರೂ., ನಷ್ಟ 1,500 ರೂ.

ಈಗ ವೆಚ್ಚದ ಸ್ವರೂಪವನ್ನು ಬದಲಾಯಿಸಿ ನೋಡಬಹುದು. ಸಹಾಯಕರಿಲ್ಲದೆ ಒಬ್ಬರೇ ನಿರ್ವಹಿಸುವಷ್ಟು ಸರಕನ್ನು ಮಾತ್ರ ಒಯ್ಯುವುದು. ಕಾಫಿಯೊಡನೆ ಒಂದೇ ತಿಂಡಿ, 300 ರೂ.; ಮನೆಯೊಡತಿಗೆ ಅರಿಶಿನ ಕುಂಕುಮದೊಡನೆ 200 ರೂ. ಬೆಲೆಯ ರವಿಕೆ ಕಣ, ಅದರ ಮೇಲೆ ಒಟ್ಟು ಮಾರಾಟದ ಶೇ. 5ರಷ್ಟು ಬೆಲೆಯ ಸರಕು. ಆಗ ಖಚಿತ ವೆಚ್ಚ 1,100 ರೂ.ಗೆ ಇಳಿಯುತ್ತದೆ. ಉಳಿಯುವ ಲಾಭಾಂಶ ಶೇ. 20. ವೆಚ್ಚ ಸರಿದೂಗಲು 5,500 ರೂ. ಮಾರಾಟ ಸಾಕು. ಅದೇ 4,000 ರೂ. ಮಾರಾಟದಲ್ಲಿ ನಷ್ಟ 300 ರೂ. ಮಾತ್ರ. ಬಾರದವರಲ್ಲಿ ಇಬ್ಬರು ಆ ವಾರದೊಳಗೆ ತಲಾ ಒಂದು ಸೀರೆಗೆ ಬೇಡಿಕೆ ಸಲ್ಲಿಸಿದರೆ ಒಟ್ಟು ಮಾರಾಟ 8,000 ರೂ.ಗೆ ಏರಿ, 500 ರೂ. ಉಳಿತಾಯವಾಗುತ್ತದೆ. ವರ್ತಕರ ಸ್ವಂತ ದುಡಿಮೆಯ ಬೆಲೆ ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ಮರೆಯಬಾರದು.

ಸರಕಿನ ಪ್ರಮಾಣವೂ ಅಷ್ಟೇ ಮುಖ್ಯ. ನೇಕಾರರಿಂದ ನಂಬಿಕೆಯ ಮೇಲೆ ತಂದ ಸೀರೆಗಳು ಮಾರಾಟವಾಗದೆ ಚೀಲದಲ್ಲಿಯೇ ಉಳಿದರೆ, ಸಿಲುಕಿಕೊಳ್ಳುವುದು ಮಗ್ಗದ ಮುಂದೆ ಕುಳಿತವರ ಹಣ. ಪದೇ ಪದೇ ಬಿಚ್ಚಿ ಮಡಿಸಿದ ಸೀರೆಯ ಹೊಸತನವೂ ಮಾಸುತ್ತದೆ. ಆದ್ದರಿಂದ ಬರುವುದಾಗಿ ಖಚಿತವಾಗಿ ತಿಳಿಸಿದವರ ಸಂಖ್ಯೆಯನ್ನು ನೋಡಿಕೊಂಡು ಸರಕನ್ನು ಆರಿಸಿ ಒಯ್ಯುವುದು ಲೇಸು.

ಕೂಟದ ದಿನ

ಅತಿಥಿಗಳು ಕಡಿಮೆಯೆಂದು ಕಂಡೊಡನೆ ಮಾಡಬೇಕಾದ ಮೊದಲ ಕೆಲಸ, ಖಾಲಿ ಕುರ್ಚಿಗಳನ್ನು ತೆಗೆದಿಡುವುದು. ಸಾಲಾಗಿ ಜೋಡಿಸಿದ ಹದಿನೈದು ಕುರ್ಚಿಗಳಲ್ಲಿ ನಾಲ್ವರು ಕುಳಿತರೆ ಸೋಲು ಎದ್ದು ಕಾಣುತ್ತದೆ. ಜಮಖಾನ ಹಾಸಿ ಸುತ್ತ ಕುಳಿತರೆ ಅದೇ ನಾಲ್ವರು ಒಂದು ಬಳಗವಾಗುತ್ತಾರೆ. ನಿಗದಿತ ವೇಳೆಗಿಂತ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಾಯುವುದು ಸಮಯಕ್ಕೆ ಬಂದವರಿಗೆ ಮಾಡುವ ಅಗೌರವ. ಬಾರದವರ ಬಗ್ಗೆ ಪದೇ ಪದೇ ವಿಚಾರಿಸುವುದು, ಮನೆಯೊಡತಿಯನ್ನು ಎಲ್ಲರ ಮುಂದೆ ಪ್ರಶ್ನಿಸುವುದು, ಬಾಗಿಲತ್ತ ನೋಡುತ್ತಾ ಮಾತನಾಡುವುದು ಸಲ್ಲದು.

ಸಿದ್ಧಪಡಿಸಿಕೊಂಡ ದೀರ್ಘ ವಿವರಣೆಯನ್ನು ಬದಿಗಿಟ್ಟು, ಬಂದವರ ಅಗತ್ಯವನ್ನು ಕೇಳಿ ತಿಳಿಯಬೇಕು. ಮನೆಯಲ್ಲಿ ಮುಂದೆ ಮದುವೆಯೇ, ಗೃಹಪ್ರವೇಶವೇ, ಕಚೇರಿಗೆ ಉಡಲು ಬೇಕೇ ಎಂಬುದನ್ನರಿತು ನಾಲ್ಕೈದು ಸೀರೆಗಳನ್ನಷ್ಟೇ ಬಿಚ್ಚುವುದು ಒಳಿತು. ಒಗೆಯುವ, ಮಡಿಸಿಡುವ ಕ್ರಮವನ್ನೂ ತಿಳಿಸಿದರೆ ಕೊಳ್ಳದವರೂ ಏನನ್ನಾದರೂ ಕಲಿತು ಹೋಗುತ್ತಾರೆ. ಕೈಮಗ್ಗದ ಮುದ್ರೆ, ರೇಷ್ಮೆಗಾದರೆ ಸಿಲ್ಕ್ ಮಾರ್ಕ್ ಚೀಟಿ ಇದ್ದಲ್ಲಿ ಅದನ್ನು ತೋರಿಸಿ ವಿವರಿಸಬೇಕು.

ನಷ್ಟ ತುಂಬಿಕೊಳ್ಳುವ ಆತುರದಲ್ಲಿ ಒತ್ತಾಯಕ್ಕಿಳಿಯುವುದು ಈ ದಿನ ಆಗುವ ದೊಡ್ಡ ತಪ್ಪು. ದಾಕ್ಷಿಣ್ಯಕ್ಕೆ ಬಿದ್ದು ಕೊಂಡ ಗ್ರಾಹಕಿ ಮತ್ತೊಮ್ಮೆ ಬರುವುದಿಲ್ಲ. ತನ್ನ ಗೆಳತಿಯರನ್ನೂ ತಡೆಯುತ್ತಾಳೆ. ಇನ್ನೊಂದು ಸೂಕ್ಷ್ಮವೂ ಇದೆ. ಜನ ಬರಲಿಲ್ಲವೆಂಬ ಸಂಕೋಚಕ್ಕೆ ಮನೆಯೊಡತಿಯೇ ತನಗೆ ಬೇಡದ ಎರಡು ಸೀರೆಗಳನ್ನು ಕೊಳ್ಳಲು ಮುಂದಾಗುವುದುಂಟು. ಅದನ್ನು ವರ್ತಕರು ನಯವಾಗಿ ನಿರಾಕರಿಸಬೇಕು. ಆ ದಿನ ಕೈಬಿಟ್ಟ ನಾಲ್ಕು ಸಾವಿರ ರೂಪಾಯಿ ಮುಂದೆ ಅದೇ ಮನೆಯಿಂದ ಹಲವು ಪಟ್ಟಾಗಿ ಮರಳಬಹುದು. ಬೇಡದ ಸೀರೆ ಬೀರುವಿನಲ್ಲಿದ್ದಷ್ಟು ದಿನವೂ ಆ ಕೂಟದ ಕಹಿಯನ್ನೇ ನೆನಪಿಸುತ್ತದೆ.

ಕೂಟದ ನಂತರ

ಬಾರದವರೆಲ್ಲ ಆಸಕ್ತಿಯಿಲ್ಲದವರಲ್ಲ. ಮನೆಯೊಡತಿಯ ಒಪ್ಪಿಗೆ ಪಡೆದು, ಬೆಲೆ ನಮೂದಿಸಿದ ಹತ್ತು ಹನ್ನೆರಡು ಚಿತ್ರಗಳನ್ನು ಅವರಿಗೆ ಕೊಟ್ಟು, ಒಂದು ವಾರದ ಗಡುವಿನೊಳಗೆ ಬೇಡಿಕೆಗಳನ್ನು ಸ್ವೀಕರಿಸಬಹುದು. ಆ ಮಾರಾಟವೂ ಮನೆಯೊಡತಿಯ ಲೆಕ್ಕಕ್ಕೇ ಸೇರತಕ್ಕದ್ದು. ವರ್ತಕರೇ ಅಪರಿಚಿತರಿಗೆ ದಿನವೂ ಸಂದೇಶ ಕಳುಹಿಸುವುದು ಉಚಿತವಲ್ಲ. ಬಂದ ನಾಲ್ವರಲ್ಲಿ ಒಬ್ಬರು ತಮ್ಮ ಮನೆಯಲ್ಲಿ ಮುಂದಿನ ಕೂಟವನ್ನೇರ್ಪಡಿಸಲು ಒಪ್ಪಿದರೆ ಆ ದಿನದ ಶ್ರಮ ಸಾರ್ಥಕವೆನ್ನಬೇಕು.

ಪ್ರತಿ ಕೂಟಕ್ಕೂ ಒಂದು ದಾಖಲೆಯಿರಲಿ: ಆಹ್ವಾನಿತರು, ಒಪ್ಪಿಕೊಂಡವರು, ಬಂದವರು, ಕೊಂಡವರು, ನಂತರ ಬೇಡಿಕೆ ಸಲ್ಲಿಸಿದವರು, ಮುಂದಿನ ಕೂಟಕ್ಕೆ ಒಪ್ಪಿದವರು. ಐದಾರು ಕೂಟಗಳ ನಂತರ ಎಷ್ಟು ಮಂದಿಯನ್ನು ಕರೆದರೆ ಎಷ್ಟು ಮಂದಿ ಬರುವರೆಂಬ ಅಂದಾಜು ತಮ್ಮದೇ ಪುಸ್ತಕದಿಂದ ದೊರೆಯುತ್ತದೆ. ಹಿಂದಿನ ಸಂಜೆ ಖಚಿತಪಡಿಸಿದವರು ಇಬ್ಬರೇ ಎಂದಾದರೆ, ಮನೆಯೊಡತಿಯೊಡನೆ ಸಮಾಲೋಚಿಸಿ ದಿನವನ್ನು ಮುಂದೂಡುವುದರಲ್ಲಿ ತಪ್ಪಿಲ್ಲ. ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಯಾವಾಗಲಾದರೂ ಬರಬಹುದೆಂಬ ವ್ಯವಸ್ಥೆ ವಸತಿ ಸಮುಚ್ಚಯಗಳಿಗೆ ಹೊಂದುತ್ತದೆ. ಆದರೆ ಅದರಲ್ಲಿ ಎಲ್ಲರಿಗೂ ಒಟ್ಟಿಗೆ ಪ್ರಾತ್ಯಕ್ಷಿಕೆ ನೀಡಲಾಗದು.

ಕಾನೂನಿನ ಎಚ್ಚರ

ಪ್ರತಿನಿಧಿಗಳ ಜಾಲದ ಮೂಲಕ ನೇರ ಮಾರಾಟ ಮಾಡುವ ಸಂಸ್ಥೆಗಳಿಗೂ ಅವುಗಳ ಪ್ರತಿನಿಧಿಗಳಿಗೂ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು, 2021 ಅನ್ವಯಿಸುತ್ತವೆ. ಗುರುತಿನ ಚೀಟಿಯಿಲ್ಲದೆ, ಮುಂಚಿತ ಒಪ್ಪಿಗೆಯಿಲ್ಲದೆ ಪ್ರತಿನಿಧಿಯು ಗ್ರಾಹಕರ ಮನೆಗೆ ಹೋಗುವಂತಿಲ್ಲ; ಬೆಲೆ, ಪಾವತಿ ಹಾಗೂ ಸರಕು ಹಿಂದಿರುಗಿಸುವ ಷರತ್ತುಗಳನ್ನು ಸ್ಪಷ್ಟವಾಗಿ ತಿಳಿಸಬೇಕು. ಪಿರಮಿಡ್ ಯೋಜನೆಗೂ ಹಣ ಚಲಾವಣೆಯ ಯೋಜನೆಗೂ ನಿಷೇಧವಿದೆ. ಮಾರಾಟ ಕುಗ್ಗಿದಾಗ, ಸರಕು ಮಾರುವುದನ್ನು ಬಿಟ್ಟು ಅತಿಥಿಗಳನ್ನು ಹಣ ಕಟ್ಟಿಸಿಕೊಂಡು ಸದಸ್ಯರನ್ನಾಗಿಸಲು ಪ್ರೇರೇಪಿಸುವ ಯಾವ ಯೋಜನೆಯಿಂದಲೂ ದೂರವಿರುವುದು ಕ್ಷೇಮ. ಸ್ವಂತ ತಯಾರಿಕೆಯನ್ನು ತಾವೇ ಮಾರುವ ಕಿರು ಉದ್ಯಮಿಗಳೂ ರಸೀದಿ ನೀಡುವುದನ್ನು, ಬದಲಾವಣೆಯ ಅವಧಿಯನ್ನು ಅದರಲ್ಲಿ ಬರೆದುಕೊಡುವುದನ್ನು ರೂಢಿಸಿಕೊಂಡರೆ ವಿಶ್ವಾಸ ಬೆಳೆಯುತ್ತದೆ.

ಅಂಗಡಿಗೆ ಗ್ರಾಹಕರು ಬಾರದ ದಿನ ವರ್ತಕರು ಬೀಗ ಹಾಕಿ ಮನೆಗೆ ಹೋಗಬಹುದು. ಮನೆಕೂಟದಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಇನ್ನೊಬ್ಬರ ಸ್ನೇಹವನ್ನು ಬಂಡವಾಳವಾಗಿ ಹೂಡಲಾಗಿರುತ್ತದೆ. ಬಂದ ನಾಲ್ವರು ಸಂತೋಷದಿಂದ ಮರಳಿ, ಮನೆಯೊಡತಿ ತಲೆಯೆತ್ತಿ ಅವರನ್ನು ಬೀಳ್ಕೊಟ್ಟರೆ, ಆ ಬಂಡವಾಳ ಕರಗಿಲ್ಲವೆಂದೇ ತಿಳಿಯಬೇಕು.