ಎರಡು ಸೆಟ್, ಎರಡು ಭಾಷೆ: ಗಡಿನಾಡಿನಲ್ಲಿ ಕನ್ನಡ ಎಂ.ಎ. ನಂತರದ ದಾರಿ

ನನಗೆ ಕೊಟ್ಟ ವಿಷಯ ಸಂಶೋಧನೆ ಮತ್ತು ಉದ್ಯೋಗ. ಕಾಸರಗೋಡಿನ ಕನ್ನಡ ವಿದ್ಯಾರ್ಥಿಯಾಗಿ ನಾನು ಎಡವಿದ ಜಾಗದಿಂದಲೇ ಸುರು ಮಾಡ್ತೇನೆ.

ಎಂ.ಎ. ಓದುವಾಗ ಕೇರಳದ ‘ಸೆಟ್’ ಪರೀಕ್ಷೆಗೆ ಅರ್ಜಿ ಕರೆದರು. ಮಂಗಳೂರಿನ ಗೆಳೆಯರು ‘ಕೆ-ಸೆಟ್’ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡಬಹುದು ಅಂತ ಹೇಳಿದ್ದು ತಲೆಯಲ್ಲಿತ್ತು. ಇದೂ ಅದೇ ಅಂದುಕೊಂಡು ಅರ್ಜಿ ತುಂಬಿಸ್ಲಿಕ್ಕೆ ಕೂತೆ. ಬಿ.ಎಡ್. ವಿವರ ಕೇಳಿದಾಗಲೇ ಗೊತ್ತಾದದ್ದು, ಹೆಸರು ಒಂದೇ ಆದರೂ ಎರಡೂ ಬೇರೆ ಬೇರೆ ಅಂತ.

ಕರ್ನಾಟಕದ ಕೆ-ಸೆಟ್ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಅದು ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಅಧ್ಯಾಪಕರಿಗೆ, ಕನ್ನಡಕ್ಕೆ ಎಂ.ಎ. ಜೊತೆ ಬಿ.ಎಡ್. ಕೂಡ ಬೇಕು. ಎರಡೂ ರಾಜ್ಯದ ಕಾಲೇಜುಗಳಿಗೆ ಸಲ್ಲುವುದು ಯು.ಜಿ.ಸಿ. ನೆಟ್. ಹಾಗಾಗಿ ಗಡಿಯಲ್ಲಿರುವ ನಾವು ಮೊದಲು ನೆಟ್ ಕಡೆ ನೋಡುವುದು ಒಳ್ಳೆಯದು.

ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡ ಪತ್ರಿಕೆಗೆ ನಾವು ಪಂಪನಿಂದ ಹಿಡಿದು ಎಲ್ಲ ಓದ್ತೇವೆ. ಮೊದಲ ಪತ್ರಿಕೆಯ 50 ಪ್ರಶ್ನೆಗಳನ್ನು ಮಾತ್ರ ಮರೆತುಬಿಡ್ತೇವೆ. ಅದು ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ತರ್ಕ, ಅಂಕಿಅಂಶ, ಬೋಧನಾ ವಿಧಾನ ಎಲ್ಲ ಬರುತ್ತದೆ. ದಿನಕ್ಕೆ ಅರ್ಧ ಗಂಟೆ ಅದಕ್ಕೇ ಇಡಿ. ಜೆ.ಆರ್.ಎಫ್. ಸಿಕ್ಕಿದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದಕ್ಕೆ ಸಾಮಾನ್ಯ ವರ್ಗದವರಿಗೆ 30ರ ವಯೋಮಿತಿ ಉಂಟು, ಬರೇ ನೆಟ್‌ಗೆ ಇಲ್ಲ. ಬಿ.ಎಡ್. ಯಾವಾಗ ಮಾಡುವುದು ಅಂತ ತೀರ್ಮಾನಿಸುವಾಗ ಈ ಲೆಕ್ಕ ನೆನಪಿರಲಿ.

ಇನ್ನು ಸಂಶೋಧನೆ. ‘ಕಾಸರಗೋಡಿನ ಕನ್ನಡ ಸಾಹಿತ್ಯ: ಒಂದು ಅಧ್ಯಯನ’ ಅಂತ ವಿಷಯ ಇಟ್ಟರೆ ಅದು ಪಟ್ಟಿಯಾಗುತ್ತದೆ, ಪ್ರಬಂಧ ಆಗುವುದಿಲ್ಲ. ಬೇರೆಯವರಿಗೆ ಸುಲಭದಲ್ಲಿ ಕೈಗೆ ಸಿಗದ ಸಾಮಗ್ರಿ ನಮ್ಮ ಹತ್ತಿರ ಏನುಂಟು ಅಂತ ಕೇಳಿಕೊಳ್ಳಬೇಕು. ಒಂದು ಉದಾಹರಣೆ ಕೊಡ್ತೇನೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ಸಂಬಂಧದ ಬಗ್ಗೆ ಹಿರಿಯ ವಿದ್ವಾಂಸರು ಚರ್ಚೆ ಮಾಡಿದ್ದಾರೆ. ಎರಡನ್ನೂ ಮೂಲದಲ್ಲೇ ಎದುರುಬದುರು ಇಟ್ಟು ಓದ್ಲಿಕ್ಕೆ ಯಾರಿಗೆ ಆಗುತ್ತದೆ? ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳ ಆಡುವ ನಮಗೆ. ಆದರೆ ಮಾತಾಡುವ ಮಲಯಾಳ ಸಾಲದು, ಓದುವ ಮಲಯಾಳ ಬೇಕು. ನಾನು ಲಿಪಿ ಕಲಿತದ್ದೇ ಎಂ.ಎ.ಗೆ ಬಂದ ಮೇಲೆ. ಅಷ್ಟು ತಡ ಮಾಡಬೇಡಿ.

ಅದೇ ಎರಡು ಭಾಷೆ ಉದ್ಯೋಗಕ್ಕೂ ಆಗುತ್ತದೆ. ಕೇರಳ ಪಿ.ಎಸ್.ಸಿ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿಗೆ, ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಬೇರೆಯೇ ಅರ್ಜಿ ಕರೆಯುತ್ತದೆ. ‘ತುಳಸಿ’ ಪ್ರೊಫೈಲ್ ಇವತ್ತೇ ಮಾಡಿಡಿ. ಅಧಿಸೂಚನೆ ಬಂದ ಮೇಲೆ ಸರ್ಟಿಫಿಕೇಟಿಗೆ ಓಡುವುದು ಬೇಡ. ಪಿ.ಎಚ್‌ಡಿ. ಸೇರಿದ ಮೇಲೂ ಈ ಪರೀಕ್ಷೆಗಳನ್ನು ಬಿಡಬೇಡಿ. ಪಿ.ಎಚ್‌ಡಿ.ಗೆ ಕಡಿಮೆ ಅಂದರೂ ಮೂರು ವರ್ಷ ಬೇಕು, ಮನೆಯ ಖರ್ಚು ಅಷ್ಟು ಕಾಯುವುದಿಲ್ಲ. ಪರೀಕ್ಷೆಗೆ ಓದಿದರೆ ಸಂಶೋಧಕನ ಮರ್ಯಾದೆಗೆ ಕಡಿಮೆ ಅಂತ ನನಗೆ ಅನಿಸುವುದಿಲ್ಲ.

ಕೊನೆಗೆ ಒಂದು ಮಾತು. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ ನಾವು ಪ್ರತಿಭಟನೆ ಮಾಡ್ತೇವೆ, ಮಾಡಲೇಬೇಕು. ಆದರೆ ಆ ಹುದ್ದೆಗೆ ಬೇಕಾದ ಅರ್ಹತೆ ಇರುವ ಕನ್ನಡದವರು ರ‍್ಯಾಂಕ್ ಲಿಸ್ಟಿನಲ್ಲಿ ಇಲ್ಲದಿದ್ದರೆ ಆ ಮಕ್ಕಳ ಮುಂದೆ ನಿಲ್ಲುವವರು ಯಾರು? ನಮ್ಮ ಬಿ.ಎಡ್., ಸೆಟ್, ನೆಟ್ ನಮ್ಮ ಹೊಟ್ಟೆಪಾಡಿನ ವಿಷಯ ಮಾತ್ರ ಅಲ್ಲ. ಅರ್ಜಿ ತುಂಬಿಸುವ ಮೊದಲು ಅಧಿಸೂಚನೆಯನ್ನು ಪೂರ್ತಿ ಓದಿ. ನಾನು ಓದಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.